ಬೆಕ್ಕು ಬಡವಾಗುತ್ತಿದೆ, ಏನು ಮಾಡಲಿ?

ಈ ಸಲ ಬಂದ ಪತ್ರಗಳಲ್ಲಿ ಬೆಕ್ಕಿನ ತೂಕ ಇಳಿಯುವುದು, ವಾಂತಿ, ಭೇದಿ ಕುರಿತವೇ ಹೆಚ್ಚು. ಬಹಳಷ್ಟು ಪತ್ರಗಳಲ್ಲಿ ಕಥೆ ಒಂದೇ: ಜಂತುಹುಳುವಿನ ಮಾತ್ರೆ ಕೊಟ್ಟಾಗಿದೆ, ಆ್ಯಂಟಿಬಯೊಟಿಕ್ ಕೊಟ್ಟಾಗಿದೆ, ಬೆಕ್ಕನ್ನು ತೂಗಿ ನೋಡಿಲ್ಲ, ಮಲ ಪರೀಕ್ಷೆ ಮಾಡಿಸಿಲ್ಲ. ಮೊದಲು ಆಗಬೇಕಾದ್ದು ಕೊನೆಗೆ ಉಳಿದುಬಿಟ್ಟಿದೆ. ಔಷಧಿಗಳ ಪ್ರಮಾಣವನ್ನು ಇಲ್ಲಿ ಬರೆದಿರುವುದು ನಿಮ್ಮ ಪಶುವೈದ್ಯರು ಕೊಟ್ಟ ಚೀಟಿ ನಿಮಗೆ ಅರ್ಥವಾಗಲಿ ಎಂದು. ಚೀಟಿ ಇಲ್ಲದೆ ಅಂಗಡಿಯಿಂದ ತಂದು ಕೊಡಬೇಡಿ.

ಪ್ರಶ್ನೆ: ನಮ್ಮ ಹೆಣ್ಣು ಬೆಕ್ಕಿಗೆ 11 ವರ್ಷ. ಮೊದಲಿಗಿಂತ ಹೆಚ್ಚು ತಿನ್ನುತ್ತದೆ, ಬೆಳಗಿನ ಜಾವವೇ ಕೂಗಿ ಎಬ್ಬಿಸುತ್ತದೆ. ಆದರೂ ಬೆನ್ನುಮೂಳೆ ಕೈಗೆ ಸಿಗುವಷ್ಟು ಬಡವಾಗಿದೆ. ವಾರಕ್ಕೆ ಒಂದೆರಡು ಸಲ ವಾಂತಿ ಮಾಡುತ್ತದೆ. ಹುಳುವಿನ ಔಷಧಿ ಎರಡು ಸಲ ಹಾಕಿದೆವು, ಗುಣ ಕಾಣಲಿಲ್ಲ. ‘ವಯಸ್ಸಾಯಿತಲ್ಲ, ಇನ್ನು ಹಾಗೇ’ ಎನ್ನುತ್ತಾರೆ ಪಕ್ಕದ ಮನೆಯವರು. ನಿಜವೇ? — ಓದುಗರೊಬ್ಬರು, ಮೈಸೂರು

ಉತ್ತರ: ನಿಜವಲ್ಲ. ವಯಸ್ಸಾದ ಮಾತ್ರಕ್ಕೆ ಯಾವ ಬೆಕ್ಕೂ ಹೀಗೆ ಬಡವಾಗುವುದಿಲ್ಲ. ಚೆನ್ನಾಗಿ ತಿಂದೂ ತೂಕ ಕಳೆದುಕೊಳ್ಳುವ ಹಿರಿಯ ಬೆಕ್ಕಿನಲ್ಲಿ ಮೊದಲು ಅನುಮಾನಿಸಬೇಕಾದವು ಮೂರು: ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುವುದು, ಸಕ್ಕರೆ ಕಾಯಿಲೆ, ತಿಂದದ್ದನ್ನು ಕರುಳು ಹೀರಿಕೊಳ್ಳದಿರುವುದು. ಮೂರಕ್ಕೂ ಚಿಕಿತ್ಸೆ ಇದೆ. ನೀವು ಬರೆದ ಲಕ್ಷಣಗಳು ಮೊದಲನೆಯದಕ್ಕೆ ಚೆನ್ನಾಗಿ ಹೊಂದುತ್ತವೆ, ಆದರೆ ಕರುಳಿನ ಕಾಯಿಲೆಯಲ್ಲೂ ಹೀಗೇ ಆಗಬಹುದು. ಆದ್ದರಿಂದ ಊಹೆಯ ಮೇಲೆ ಔಷಧಿ ಶುರುಮಾಡುವುದು ಬೇಡ.

ಮೊದಲ ಕೆಲಸ ತೂಕ. ನೀವು ತಕ್ಕಡಿಯ ಮೇಲೆ ಬೆಕ್ಕನ್ನು ಎತ್ತಿಕೊಂಡು ನಿಂತು, ಆಮೇಲೆ ನಿಮ್ಮ ತೂಕ ಕಳೆಯುವ ವಿಧಾನದಲ್ಲಿ 100, 200 ಗ್ರಾಂ ಆಚೀಚೆ ಆಗಿಬಿಡುತ್ತದೆ. ಬೆಕ್ಕಿನ ಮಟ್ಟಿಗೆ ಅದು ದೊಡ್ಡ ತಪ್ಪು. ಹಸುಗೂಸುಗಳನ್ನು ತೂಗುವ ಡಿಜಿಟಲ್ ತಕ್ಕಡಿಯೋ, 10 ಕೆ.ಜಿ.ವರೆಗೆ ತೂಗುವ ಅಡುಗೆಮನೆಯ ತಕ್ಕಡಿಯೋ ಆದರೆ ಸರಿ. ಅದರ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟು ಸೊನ್ನೆ ಮಾಡಿ, ಬೆಕ್ಕು ತಾನಾಗಿಯೇ ಒಳಗೆ ಕೂತಾಗ ಓದಿಕೊಳ್ಳಿ. ವಾರಕ್ಕೊಮ್ಮೆ, ಅದೇ ದಿನ, ಬೆಳಗಿನ ಊಟಕ್ಕೆ ಮೊದಲು ತೂಗಿ ಕ್ಯಾಲೆಂಡರಿನ ಮೇಲೆ ಬರೆಯಿರಿ. 4 ಕೆ.ಜಿ. ಬೆಕ್ಕು ಪ್ರಯತ್ನವಿಲ್ಲದೆ 200 ಗ್ರಾಂ ಇಳಿದರೆ ಶೇ 5 ಹೋದಂತೆ, ಆಗಲೇ ವೈದ್ಯರಿಗೆ ತೋರಿಸಬೇಕು. 400 ಗ್ರಾಂ ಇಳಿದಿದ್ದರೆ ತಡ ಮಾಡುವಂತೆಯೇ ಇಲ್ಲ. ಕಣ್ಣಳತೆ ನಂಬಬೇಡಿ. ಹೊಟ್ಟೆಯ ಕೆಳಗಿನ ಜೋಲು ಚರ್ಮ, ದಟ್ಟ ತುಪ್ಪಳ ಎರಡೂ ಕಣ್ಣಿಗೆ ಮೋಸ ಮಾಡುತ್ತವೆ. ಬೆನ್ನಿನ ಎರಡೂ ಪಕ್ಕದ ಸ್ನಾಯು ಕರಗಿ ಬೆನ್ನುಮೂಳೆ ಏಣಾಗಿ ಕೈಗೆ ಸಿಗುತ್ತಿದೆಯೆಂದರೆ ಕಾಯಿಲೆ ಶುರುವಾಗಿ ಬಹಳ ದಿನವಾಗಿರುತ್ತದೆ.

ಬೆಕ್ಕಿನ ಥೈರಾಯ್ಡ್ ಕಾಯಿಲೆಯನ್ನು ಪಶುವೈದ್ಯರು ಮೊದಲು ಗುರುತಿಸಿದ್ದು 1979ರ ಸುಮಾರಿಗೆ, ಅಮೆರಿಕದಲ್ಲಿ. ಸಾಮಾನ್ಯವಾಗಿ ಎಂಟು, ಹತ್ತು ವರ್ಷ ದಾಟಿದ ಬೆಕ್ಕುಗಳಿಗೆ ಬರುತ್ತದೆ. ಗಂಟಲಿನ ಇಕ್ಕೆಲದಲ್ಲಿರುವ ಗ್ರಂಥಿಯಲ್ಲಿ ಗಂಟು ಬೆಳೆದು ಹಾರ್ಮೋನು ಸುರಿಯತೊಡಗುತ್ತದೆ. ಬಹುಪಾಲು ಈ ಗಂಟು ಕ್ಯಾನ್ಸರ್ ಆಗಿರುವುದಿಲ್ಲ. ದೇಹದ ಒಲೆ ಉರಿ ಜೋರಾದಂತೆ ಹಗಲಿರುಳೂ ಉರಿಯುವುದರಿಂದ ಎಷ್ಟು ತಿಂದರೂ ಸಾಲದು. ನೀರು ಹೆಚ್ಚು ಕುಡಿಯುವುದು, ರಾತ್ರಿ ಕೂಗುವುದು, ತುಪ್ಪಳ ಗಂಟುಗಂಟಾಗುವುದು, ನೋಡುವವರಿಗೆ ‘ಮುದಿ ಬೆಕ್ಕು ಮರಿಯಂತೆ ಚುರುಕಾಗಿದೆ’ ಅನ್ನಿಸುವುದು ಇದರ ಗುರುತು. ಹೃದಯದ ಬಡಿತ ನಿಮಿಷಕ್ಕೆ 220 ದಾಟಬಹುದು.

ಪರೀಕ್ಷೆಗೆ ರಕ್ತ ಕೊಡುವಾಗ ಕೇಳಿ ಮಾಡಿಸಬೇಕಾದವು ಇವು: ಪೂರ್ಣ ರಕ್ತಕಣ ಎಣಿಕೆ, ಕಿಡ್ನಿ ಮತ್ತು ಲಿವರ್ ಪರೀಕ್ಷೆ, ಗ್ಲೂಕೋಸ್, ಟಿ4 (ಥೈರಾಯ್ಡ್ ಹಾರ್ಮೋನು), ವಿಟಮಿನ್ ಬಿ12, ಜೊತೆಗೆ ಮೂತ್ರದ ಸಾಂದ್ರತೆ. ಸಾಧ್ಯವಿದ್ದರೆ ರಕ್ತದೊತ್ತಡ. ಗ್ಲೂಕೋಸ್ ವಿಷಯದಲ್ಲಿ ಒಂದು ಎಚ್ಚರ: ಆಸ್ಪತ್ರೆಗೆ ಹೋದ ಹೆದರಿಕೆಗೇ ಬೆಕ್ಕಿನ ರಕ್ತದಲ್ಲಿ ಸಕ್ಕರೆ ಏರಿಬಿಡುತ್ತದೆ. ಒಂದೇ ಸಲದ ಓದಿನಿಂದ ಸಕ್ಕರೆ ಕಾಯಿಲೆ ಎಂದು ತೀರ್ಮಾನಿಸಬಾರದು. ಕಳೆದ ಒಂದೆರಡು ವಾರದ ಸರಾಸರಿ ತೋರಿಸುವ ಫ್ರಕ್ಟೋಸಮೈನ್ ನೋಡಬೇಕು, ಮೂತ್ರದಲ್ಲೂ ಸಕ್ಕರೆ ಇದೆಯೇ ನೋಡಬೇಕು. ಟಿ4 ಗಡಿಯಂಚಿನಲ್ಲಿದ್ದು ಲಕ್ಷಣಗಳು ಬಲವಾಗಿದ್ದರೆ ಕೆಲವು ವಾರ ಬಿಟ್ಟು ಮತ್ತೆ ಮಾಡಿಸಿ. ಬೇರೊಂದು ಕಾಯಿಲೆ ಜೊತೆಗಿದ್ದರೆ ಟಿ4 ಸುಳ್ಳಾಗಿ ಕೆಳಗೆ ಕಾಣುತ್ತದೆ.

ಥೈರಾಯ್ಡ್ ಎಂದೇ ಖಚಿತವಾದರೆ ಮೆಥಿಮಜೋಲ್ 1.25ರಿಂದ 2.5 ಮಿ.ಗ್ರಾಂ. ದಿನಕ್ಕೆರಡು ಸಲ ಶುರುಮಾಡುವುದು ವಾಡಿಕೆ. ನಮ್ಮಲ್ಲಿ ಸುಲಭವಾಗಿ ಸಿಗುವ ಕಾರ್ಬಿಮಜೋಲ್ ದೇಹದೊಳಗೆ ಹೋಗಿ ಮೆಥಿಮಜೋಲ್ ಆಗುತ್ತದೆ, ಹಾಗಾಗಿ ಅದರ ಪ್ರಮಾಣ ಬೇರೆ. ಎರಡನ್ನೂ ಒಂದರ ಬದಲು ಒಂದು ಎಂದು ಅಷ್ಟಕ್ಕಷ್ಟೇ ಕೊಡಬಾರದು. ಎರಡು ಮೂರು ವಾರಕ್ಕೆ ರಕ್ತ ಮತ್ತೆ ನೋಡಲೇಬೇಕು, ಅದಕ್ಕೆ ಎರಡು ಕಾರಣ. ಔಷಧಿಯಿಂದ ಕೆಲವು ಬೆಕ್ಕುಗಳಲ್ಲಿ ಬಿಳಿ ರಕ್ತಕಣ ಇಳಿಯುತ್ತದೆ, ಮುಖವನ್ನು ಗಾಯವಾಗುವಷ್ಟು ಕೆರೆದುಕೊಳ್ಳುತ್ತವೆ, ವಾಂತಿಯೂ ಹೆಚ್ಚಬಹುದು. ಇನ್ನೊಂದು, ಥೈರಾಯ್ಡ್ ಜೋರಾಗಿದ್ದಷ್ಟು ದಿನ ಕಿಡ್ನಿಗೆ ರಕ್ತ ಹೆಚ್ಚು ಹರಿದು ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಚೆನ್ನಾಗಿರುವಂತೆ ಕಾಣುತ್ತಿರುತ್ತದೆ. ಥೈರಾಯ್ಡ್ ಹತೋಟಿಗೆ ಬಂದಾಗ ಒಳಗೆ ಅಡಗಿದ್ದ ಕಿಡ್ನಿ ಕಾಯಿಲೆ ಹೊರಗೆ ಕಾಣುತ್ತದೆ. ‘ಔಷಧಿಯಿಂದ ಕಿಡ್ನಿ ಹೋಯಿತು’ ಎಂದು ಗಾಬರಿಯಾಗಿ ಔಷಧಿ ನಿಲ್ಲಿಸುವವರು ಬಹಳ. ನಿಲ್ಲಿಸದೆ ವೈದ್ಯರ ಜೊತೆ ಕೂತು ಪ್ರಮಾಣ ಹೊಂದಿಸಿಕೊಳ್ಳಿ. ಮನೆಯಲ್ಲಿ ಗರ್ಭಿಣಿಯರಿದ್ದರೆ ಈ ಮಾತ್ರೆಯನ್ನು ಅವರು ಬರಿಗೈಯಲ್ಲಿ ಮುಟ್ಟಬಾರದು, ಮುರಿಯಬಾರದು.

ಟಿ4 ಮತ್ತು ಸಕ್ಕರೆ ಎರಡೂ ಸರಿಯಿದ್ದರೆ ಕರುಳಿನ ಕಡೆ ತಿರುಗಬೇಕು. ಬಿ12 ಹೀರಲ್ಪಡುವುದು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ. ಅದು ಕಡಿಮೆ ಬಂದಿದೆಯೆಂದರೆ ತೊಂದರೆ ಅಲ್ಲಿರಬಹುದು ಎಂಬ ಸುಳಿವು ಸಿಕ್ಕಂತೆ. ಬಿ12 ಕೊರತೆಯನ್ನು ತುಂಬದೆ ಬೇರೆ ಏನು ಕೊಟ್ಟರೂ ಹಸಿವೆ, ತೂಕ ಮರಳುವುದು ಕಷ್ಟ. ರೂಢಿಯಲ್ಲಿರುವ ಕ್ರಮ: 250 ಮೈಕ್ರೊಗ್ರಾಂ ಚರ್ಮದಡಿ ಇಂಜೆಕ್ಷನ್, ವಾರಕ್ಕೊಂದರಂತೆ ಆರು ವಾರ, ತಿಂಗಳ ನಂತರ ಇನ್ನೊಂದು, ಆಮೇಲೆ ಮರುಪರೀಕ್ಷೆ. ಬರೀ ಬಿ12 ಇರುವ ಇಂಜೆಕ್ಷನ್ನೇ ಕೇಳಿ, ಬಿ1, ಬಿ6 ಕಲಸಿರುವುದು ಚುಚ್ಚಿದ ಜಾಗದಲ್ಲಿ ಬಹಳ ಉರಿಯುತ್ತದೆ.

ಅಲ್ಟ್ರಾಸೌಂಡಿನಲ್ಲಿ ಕರುಳಿನ ಗೋಡೆಯ ಸ್ನಾಯು ಪದರ ದಪ್ಪವಾಗಿ ಕಂಡರೆ ಅದು ಕರುಳಿನ ದೀರ್ಘಕಾಲದ ಉರಿಯೂತವೂ ಇರಬಹುದು, ಲಿಂಫೋಮ ಎಂಬ ನಿಧಾನವಾಗಿ ಬೆಳೆಯುವ ಕ್ಯಾನ್ಸರೂ ಇರಬಹುದು. ಚಿತ್ರ ನೋಡಿ ಎರಡನ್ನೂ ಬೇರ್ಪಡಿಸಲು ಬರುವುದಿಲ್ಲ, ಕರುಳಿನ ತುಣುಕು ತೆಗೆದು ಪರೀಕ್ಷಿಸಬೇಕು. ಇಲ್ಲೊಂದು ಮಾತು ಒತ್ತಿ ಹೇಳುತ್ತೇವೆ. ಪರೀಕ್ಷೆಗಳೆಲ್ಲ ಮುಗಿಯುವ ಮೊದಲೇ ಸ್ಟಿರಾಯ್ಡ್ ಶುರುಮಾಡಿಸಿಕೊಳ್ಳಬೇಡಿ. ಎರಡು ದಿನಕ್ಕೇ ಬೆಕ್ಕು ಎದ್ದು ತಿನ್ನುತ್ತದೆ, ಮನೆಯವರಿಗೆ ಸಮಾಧಾನ. ಆದರೆ ಆಮೇಲೆ ತೆಗೆದ ತುಣುಕಿನಲ್ಲಿ ಲಿಂಫೋಮ ಇದ್ದರೂ ಸ್ಪಷ್ಟವಾಗಿ ಕಾಣುವುದಿಲ್ಲ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ಬೆಕ್ಕು ಅದಕ್ಕೇ ಜಾರುತ್ತದೆ. ತುಣುಕು ತೆಗೆಸುವುದು ಖರ್ಚಿನ ಕಾರಣಕ್ಕೆ ಸಾಧ್ಯವೇ ಇಲ್ಲ ಎಂದಾದರೆ ಅದನ್ನು ವೈದ್ಯರಿಗೆ ನೇರವಾಗಿ ಹೇಳಿ. ಎರಡು ಕಾಯಿಲೆಗೂ ಮುಖ್ಯ ಔಷಧಿ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್, ದಿನಕ್ಕೆ ಕೆ.ಜಿ.ಗೆ 1ರಿಂದ 2 ಮಿ.ಗ್ರಾಂ. ಲಿಂಫೋಮಕ್ಕೆ ಅದರ ಜೊತೆ ಕ್ಲೋರಾಂಬ್ಯುಸಿಲ್ 2 ಮಿ.ಗ್ರಾಂ. ದಿನ ಬಿಟ್ಟು ದಿನ. ಆ ಮಾತ್ರೆಯನ್ನು ಮುರಿಯಬಾರದು, ಕೈಗವಸು ಇಲ್ಲದೆ ಮುಟ್ಟಬಾರದು. ಚಿಕಿತ್ಸೆಗೆ ಸ್ಪಂದಿಸಿದ ಬೆಕ್ಕುಗಳು ಎರಡು ವರ್ಷ, ಅದಕ್ಕೂ ಮೀರಿ ಚೆನ್ನಾಗಿ ಬದುಕುತ್ತವೆ. ಕ್ಯಾನ್ಸರ್ ಎಂಬ ಮಾತು ಕೇಳಿದ ಕೂಡಲೇ ಕೈಬಿಡಬೇಡಿ.

ಪ್ರಶ್ನೆ: 8 ತಿಂಗಳ ಮರಿ. ಬೀದಿಯಿಂದ ತಂದದ್ದು. ಎರಡು ತಿಂಗಳಿಂದ ಮಲ ಗಟ್ಟಿಯಾಗುತ್ತಿಲ್ಲ. ಮೆಟ್ರೊನಿಡಜೋಲ್ ಎಂಬ ಆ್ಯಂಟಿಬಯೊಟಿಕ್ ಕೊಟ್ಟಾಗ ನಿಲ್ಲುತ್ತದೆ, ಬಿಟ್ಟ ವಾರಕ್ಕೆ ಮತ್ತೆ ಶುರು. ತೂಕ ಏರುತ್ತಿಲ್ಲ. — ಹಾಸನ

ಉತ್ತರ: ಮೆಟ್ರೊನಿಡಜೋಲ್ ಅನ್ನು ಮತ್ತೊಂದು ಸುತ್ತು ಕೊಡುವ ಮೊದಲು ಮಲವನ್ನು ಸರಿಯಾಗಿ ನೋಡಿ. ಸಲಕ್ಕೆ ಹೆಚ್ಚು ಪ್ರಮಾಣ, ದಿನಕ್ಕೆ ಎರಡು ಮೂರೇ ಸಲ, ತೂಕ ಇಳಿಕೆ, ಜೊತೆಗೆ ವಾಂತಿ ಇದ್ದರೆ ತೊಂದರೆ ಸಣ್ಣ ಕರುಳಿನದು. ಸ್ವಲ್ಪಸ್ವಲ್ಪವೇ ಏಳೆಂಟು ಸಲ, ತಿಣುಕುವುದು, ಲೋಳೆ, ಮೇಲೆ ಕೆಂಪು ರಕ್ತದ ಗೆರೆ ಇದ್ದರೆ ದೊಡ್ಡ ಕರುಳಿನದು. ಡಾಂಬರಿನಂತೆ ಕಪ್ಪಗೆ ಅಂಟಂಟಾಗಿದ್ದರೆ ಹೊಟ್ಟೆಯಲ್ಲೋ ಸಣ್ಣ ಕರುಳಿನಲ್ಲೋ ರಕ್ತ ಸೋರುತ್ತಿದೆ, ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ಫೋನಿನಲ್ಲಿ ಒಂದು ಫೋಟೊ ತೆಗೆದಿಡಿ. ನಿಮ್ಮ ವರ್ಣನೆಗಿಂತ ಅದು ವೈದ್ಯರಿಗೆ ಹೆಚ್ಚು ಹೇಳುತ್ತದೆ.

ಬೀದಿಯಿಂದ ಬಂದ, ಹಲವು ಬೆಕ್ಕುಗಳ ಜೊತೆ ಬೆಳೆದ ಮರಿಯಲ್ಲಿ ಹುಡುಕಬೇಕಾದದ್ದು ಜಿಯಾರ್ಡಿಯಾ, ಟ್ರೈಟ್ರೈಕೊಮೊನಾಸ್, ಕಾಕ್ಸಿಡಿಯಾ ಎಂಬ ಸೂಕ್ಷ್ಮಜೀವಿಗಳು, ಜೊತೆಗೆ ದುಂಡುಹುಳು, ಕೊಕ್ಕೆಹುಳು. ಸಾಮಾನ್ಯ ಹುಳುವಿನ ಮಾತ್ರೆ ಮೊದಲ ಮೂರನ್ನು ಮುಟ್ಟುವುದೇ ಇಲ್ಲ. ಜಿಯಾರ್ಡಿಯಾ ಪ್ರತಿದಿನ ಮಲದಲ್ಲಿ ಹೊರಬರುವುದಿಲ್ಲ, ಒಂದು ಸ್ಯಾಂಪಲ್ಲಿನಲ್ಲಿ ಕಾಣದಿದ್ದರೆ ‘ಇಲ್ಲ’ ಎಂದಾಗುವುದಿಲ್ಲ. ಆದ್ದರಿಂದ ದಿನ ಬಿಟ್ಟು ದಿನ ಮೂರು ಸ್ಯಾಂಪಲ್ ಕೊಡಿ. ಬೇಳೆಕಾಳಿನಷ್ಟು ಸಾಲದು, ದೊಡ್ಡ ನೆಲ್ಲಿಕಾಯಿಯಷ್ಟಾದರೂ ಬೇಕು. ಮರಳು ಅಂಟಿರದ ಭಾಗವನ್ನು ಮುಚ್ಚಳದ ಸ್ವಚ್ಛ ಡಬ್ಬಿಯಲ್ಲಿ ಹಾಕಿ ಸಮಯ ಬರೆಯಿರಿ. ಲ್ಯಾಬಿಗೆ ತಲುಪಲು ತಡವಾಗುವುದಾದರೆ ಫ್ರಿಜ್ಜಿನ ಕೆಳಭಾಗದಲ್ಲಿಡಿ, ಫ್ರೀಜರಿನಲ್ಲಿ ಬೇಡ. ಟ್ರೈಟ್ರೈಕೊಮೊನಾಸ್ ಹುಡುಕುವ ಸ್ಯಾಂಪಲ್ ಮಾತ್ರ ಬೇರೆ. ಸೂಕ್ಷ್ಮದರ್ಶಕದಲ್ಲಿ ಅದು ಓಡಾಡುವುದನ್ನು ನೋಡಬೇಕೆಂದರೆ ಮಲ ಬಿಸಿಬಿಸಿಯಾಗಿರಬೇಕು, ಫ್ರಿಜ್ಜಿನಲ್ಲಿ ಸತ್ತುಹೋಗುತ್ತದೆ. ಪಿಸಿಆರ್ ಪರೀಕ್ಷೆಯೇ ಹೆಚ್ಚು ನಂಬಿಕೆಯದು. ಊರಲ್ಲಿ ಸೌಲಭ್ಯ ಇಲ್ಲದಿದ್ದರೆ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ವಿಚಾರಿಸಿ. ಬೆಂಗಳೂರಿನ ಹೆಬ್ಬಾಳದಲ್ಲಿ, ಶಿವಮೊಗ್ಗದಲ್ಲಿ, ಬೀದರಿನಲ್ಲಿ, ನಿಮ್ಮ ಹಾಸನದಲ್ಲೂ ಇವೆ.

ಜಿಯಾರ್ಡಿಯಾ ಸಿಕ್ಕರೆ ಫೆನ್‌ಬೆಂಡಜೋಲ್ ಕೆ.ಜಿ.ಗೆ 50 ಮಿ.ಗ್ರಾಂ. ದಿನಕ್ಕೊಮ್ಮೆ ಐದು ದಿನ. ಆ ಐದು ದಿನವೂ ಮರಳಿನ ತಟ್ಟೆಯನ್ನು ಕುದಿನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಬೇಕು, ಬೆಕ್ಕಿನ ಹಿಂಭಾಗದ ತುಪ್ಪಳ ತೊಳೆಯಬೇಕು. ಇಲ್ಲದಿದ್ದರೆ ತನ್ನ ಮೈ ನೆಕ್ಕಿಕೊಂಡೇ ಮತ್ತೆ ಅಂಟಿಸಿಕೊಳ್ಳುತ್ತದೆ. ಟ್ರೈಟ್ರೈಕೊಮೊನಾಸ್‌ಗೆ ಮೆಟ್ರೊನಿಡಜೋಲ್ ಸ್ವಲ್ಪ ಹೊತ್ತು ತೆರೆ ಎಳೆಯುತ್ತದೆ ಅಷ್ಟೇ, ನೀವು ಬರೆದಂತೆ ಬಿಟ್ಟ ವಾರಕ್ಕೆ ಮರಳುತ್ತದೆ. ಅದಕ್ಕೆ ಬೇಕಾದದ್ದು ರೋನಿಡಜೋಲ್, ಕೆ.ಜಿ.ಗೆ 30 ಮಿ.ಗ್ರಾಂ. ದಿನಕ್ಕೊಮ್ಮೆ, 14 ದಿನ. ಈ ಅವಧಿಯಲ್ಲಿ ಬೆಕ್ಕು ತೂರಾಡಿದರೆ, ನಡುಗಿದರೆ ಕೂಡಲೇ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಪದೇಪದೇ ಮೆಟ್ರೊನಿಡಜೋಲ್ ಕೊಟ್ಟರೆ ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳೂ ನಾಶವಾಗುತ್ತವೆ, ಅವು ಚೇತರಿಸಿಕೊಳ್ಳಲು ವಾರಗಳೇ ಬೇಕು.

ಯಾವ ಜೀವಿಯೂ ಸಿಗದಿದ್ದರೆ ಆಹಾರ ಬದಲಿಸಿ ನೋಡಬೇಕು. ಅದು ಈವರೆಗೆ ತಿನ್ನದ ಒಂದೇ ಮಾಂಸ, ಉದಾಹರಣೆಗೆ ಬರೀ ಕೋಳಿ ತಿಂದು ಬೆಳೆದಿದ್ದರೆ ಮೊಲ ಅಥವಾ ಬಾತುಕೋಳಿಯದು. ಅಥವಾ ಪ್ರೋಟೀನನ್ನು ಚೂರುಚೂರು ಮಾಡಿದ, ವೈದ್ಯರು ಬರೆದುಕೊಡುವ ಹೈಡ್ರೊಲೈಸ್ಡ್ ಆಹಾರ. ಹೊಟ್ಟೆಯ ತೊಂದರೆಗೆ ಎರಡು ವಾರದಲ್ಲೇ ಫಲ ತಿಳಿಯುತ್ತದೆ. ಹಳೆಯದನ್ನು ಒಂದೇ ದಿನ ನಿಲ್ಲಿಸದೆ ಏಳು ದಿನದಲ್ಲಿ ಮೆಲ್ಲಗೆ ಬದಲಿಸಿ, ಆಮೇಲೆ ಎರಡು ವಾರ ಎಣಿಸಿ. ಈ ಪ್ರಯೋಗ ಕೆಡುವುದು ಬಹುತೇಕ ಒಂದೇ ಕಾರಣಕ್ಕೆ: ಮನೆಯ ಇನ್ನೊಬ್ಬರು ಊಟದ ಹೊತ್ತಿಗೆ ಒಂದು ತುಂಡು ಮೀನು ಹಾಕಿರುತ್ತಾರೆ. ಅಜ್ಜಿಗೂ ಮಕ್ಕಳಿಗೂ ಮೊದಲೇ ಹೇಳಿಡಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಬೆಕ್ಕಿಗೆ ಹಾಲು-ಅನ್ನ, ಮೊಸರನ್ನ. ಹೊಟ್ಟೆ ಉಬ್ಬರ, ತೆಳ್ಳಗಿನ ಮಲ, ಮೈ ಹಿಡಿಯುತ್ತಿಲ್ಲ. — ಶಿರಸಿ

ಉತ್ತರ: ಕಾಯಿಲೆ ತಟ್ಟೆಯಲ್ಲೇ ಇರುವ ಸಾಧ್ಯತೆ ಹೆಚ್ಚು. ದೊಡ್ಡ ಬೆಕ್ಕುಗಳಲ್ಲಿ ಹಾಲಿನ ಸಕ್ಕರೆ ಅರಗಿಸುವ ಕಿಣ್ವ ಬಹಳ ಕಡಿಮೆ, ಅರಗದ ಸಕ್ಕರೆ ಕರುಳಿನಲ್ಲಿ ಹುಳಿತು ಉಬ್ಬರ, ಭೇದಿ ತರುತ್ತದೆ. ಅದಕ್ಕಿಂತ ದೊಡ್ಡ ಚಿಂತೆ ಟಾರೀನ್ ಎಂಬ ಪೋಷಕಾಂಶದ್ದು. ಬೆಕ್ಕಿನ ದೇಹ ಅದನ್ನು ಬೇಕಾದಷ್ಟು ತಯಾರಿಸಿಕೊಳ್ಳಲಾರದು, ಸಿಗುವುದು ಮಾಂಸ, ಮೀನಿನಲ್ಲಿ. ಅದು ಕೊರತೆಯಾದರೆ ಕಣ್ಣಿನ ಪಾಪೆಯ ಹಿಂದಿನ ಪರದೆ ಹಾಳಾಗುತ್ತದೆ, ಹೃದಯ ಹಿಗ್ಗಿ ಬಲಗುಂದುತ್ತದೆ. ಈ ಹೃದಯದ ಕಾಯಿಲೆಗೂ ಟಾರೀನ್ ಕೊರತೆಗೂ ಇರುವ ನಂಟು 1987ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಖಚಿತವಾಯಿತು. ಆ ಬಳಿಕವೇ ಬೆಕ್ಕಿನ ತಯಾರಿ ಆಹಾರಗಳಲ್ಲಿ ಟಾರೀನ್ ಪ್ರಮಾಣ ಹೆಚ್ಚಿಸಿದ್ದು.

ಮನೆಯಲ್ಲಿ ಮಾಂಸ ಬೇಯಿಸಲಾಗದಿದ್ದರೆ ‘ಕಂಪ್ಲೀಟ್’ ಎಂದು ಪೊಟ್ಟಣದ ಮೇಲೆ ಬರೆದಿರುವ ಬೆಕ್ಕಿನ ಆಹಾರವೇ ದಾರಿ. ನಾಯಿಯ ಆಹಾರ ಆಗದು. 4 ಕೆ.ಜಿ. ಬೆಕ್ಕಿಗೆ ದಿನಕ್ಕೆ 200ರಿಂದ 250 ಕಿಲೊಕ್ಯಾಲೊರಿ ಬೇಕು. ಒಣ ಆಹಾರದಲ್ಲಿ ಅದು ಸುಮಾರು 55ರಿಂದ 65 ಗ್ರಾಂ, ನಾಲ್ಕು ಸಲಕ್ಕೆ ಹಂಚಿ. ಹಾಲನ್ನು ನಿಲ್ಲಿಸಿದ ಮೇಲೆ ನೀರಿನ ಬಟ್ಟಲುಗಳನ್ನು ಊಟದ ತಟ್ಟೆಯಿಂದ ದೂರ, ಎರಡು ಮೂರು ಕಡೆ ಇಡಿ. ಒಣ ಆಹಾರಕ್ಕೆ ಸ್ವಲ್ಪ ಬೆಚ್ಚಗಿನ ನೀರು ಬೆರೆಸಿದರೂ ಒಳ್ಳೆಯದು, ಆದರೆ ಅರ್ಧ ಗಂಟೆ ಮೀರಿ ಇಡಬೇಡಿ. ನಮ್ಮ ಸೆಕೆಗೆ ಬೇಗ ಹಳಸುತ್ತದೆ. ಬೇಯಿಸಿದ ಮೊಟ್ಟೆ ಆಗಬಹುದು. ಒಗ್ಗರಣೆ ಹಾಕಿದ, ಈರುಳ್ಳಿ ಬೆಳ್ಳುಳ್ಳಿ ಇರುವ ಯಾವುದೂ ಬೇಡ, ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಪ್ರಶ್ನೆ: ಬಾಲದ ಬುಡದಲ್ಲಿ, ಹಾಸಿಗೆಯ ಮೇಲೆ ಒಣಗಿದ ಅಕ್ಕಿಯಂಥ ಕಾಳು ಕಾಣುತ್ತಿವೆ. ಮಲ ಪರೀಕ್ಷೆಯಲ್ಲಿ ಹುಳು ಇಲ್ಲ ಎಂದರು. — ದಾವಣಗೆರೆ

ಉತ್ತರ: ಅದು ಲಾಡಿಹುಳುವಿನ ತುಂಡು. ಹಸಿಯಾಗಿದ್ದಾಗ ಮೆಲ್ಲಗೆ ಹಿಗ್ಗಿ ಕುಗ್ಗುತ್ತದೆ. ಮೊಟ್ಟೆಗಳು ತುಂಡಿನೊಳಗೇ ಇರುವುದರಿಂದ ಸಾಮಾನ್ಯ ಮಲ ಪರೀಕ್ಷೆಯಲ್ಲಿ ತಪ್ಪಿಹೋಗುತ್ತದೆ. ಒಂದು ತುಂಡನ್ನು ಡಬ್ಬಿಯಲ್ಲಿ ಹಾಕಿ ತೋರಿಸಿ. ಪ್ರಾಜಿಕ್ವಾಂಟೆಲ್ ಕೆ.ಜಿ.ಗೆ 5 ಮಿ.ಗ್ರಾಂ. ಒಂದು ಸಲ ಸಾಕು. ಆದರೆ ಈ ಹುಳು ಬರುವುದು ಚಿಗಟ ನುಂಗಿ. ಚಿಗಟ ಹೋಗದಿದ್ದರೆ ಮೂರು ವಾರಕ್ಕೆ ಮತ್ತೆ ಅಕ್ಕಿಕಾಳು ಕಾಣುತ್ತದೆ. ಬೆಕ್ಕಿಗೆಂದೇ ಇರುವ ಚಿಗಟದ ಔಷಧಿಯನ್ನೇ ಕತ್ತಿನ ಹಿಂದೆ ಹಾಕಿ, ನಾಯಿಯ ಪರ್ಮೆಥ್ರಿನ್ ಔಷಧಿಯಿಂದ ಬೆಕ್ಕು ನಡುಕ ಬಂದು ಸಾಯುತ್ತದೆ. ಇನ್ನು, ಲಾಡಿಹುಳು ಒಂದರಿಂದಲೇ ದೊಡ್ಡ ಬೆಕ್ಕು ತೀರ ಬಡವಾಗುವುದು ಅಪರೂಪ. ಹುಳು ಹೋದ ಮೇಲೂ ತೂಕ ಏರದಿದ್ದರೆ ಬೇರೆ ಕಾರಣ ಹುಡುಕಿ.

ಪ್ರಶ್ನೆ: ಗಂಡು ಬೆಕ್ಕು, ಆರೂವರೆ ಕೆ.ಜಿ. ಮನೆ ಬದಲಿಸಿದಾಗಿನಿಂದ ಮಂಚದ ಕೆಳಗೇ ಇದೆ. ಮೂರು ದಿನ ಆಯಿತು, ಏನೂ ಮುಟ್ಟಿಲ್ಲ. ದಪ್ಪಗಿದೆಯಲ್ಲ, ಸ್ವಲ್ಪ ಕರಗಲಿ ಎಂದು ಬಿಟ್ಟಿದ್ದೇವೆ. — ಬೆಂಗಳೂರು

ಉತ್ತರ: ದಯವಿಟ್ಟು ಇವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ದಪ್ಪ ಬೆಕ್ಕು ಉಪವಾಸ ಬಿದ್ದರೆ ಮೈಯ ಕೊಬ್ಬು ರಾಶಿರಾಶಿಯಾಗಿ ಲಿವರಿಗೆ ಬಂದು ತುಂಬಿಕೊಳ್ಳುತ್ತದೆ, ಲಿವರ್ ಕೆಲಸ ನಿಲ್ಲಿಸುತ್ತದೆ. ಕೆಲವೇ ದಿನಗಳ ಉಪವಾಸ ಸಾಕು. ಹಗಲು ಬೆಳಕಿನಲ್ಲಿ ಕಿವಿಯ ಒಳಭಾಗ, ಒಸಡು, ಕಣ್ಣಿನ ಬಿಳಿ ನೋಡಿ. ಹಳದಿ ಛಾಯೆ ಕಂಡರೆ ಕಾಮಾಲೆ ಆಗಲೇ ಶುರುವಾಗಿದೆ. ಬಾಯಿಂದ ಜೊಲ್ಲು ಸುರಿಯುವುದೂ ಗುರುತು. ಬೆಕ್ಕು ಒಂದು ದಿನ ಪೂರ್ತಿ ತಿನ್ನದಿದ್ದರೆ ವೈದ್ಯರಿಗೆ ಫೋನ್, ಎರಡನೆಯ ದಿನಕ್ಕೆ ಆಸ್ಪತ್ರೆ. ಇದು ಎಲ್ಲ ಬೆಕ್ಕು ಸಾಕುವವರಿಗೂ ನಮ್ಮ ಮಾತು.

ಸಿರಿಂಜಿನಲ್ಲಿ ಬಲವಂತವಾಗಿ ತುರುಕುವುದು ಬೇಡ. ವಾಕರಿಕೆ ಇರುವಾಗ ತುರುಕಿದ ಆಹಾರವನ್ನು ಅದು ಗುಣವಾದ ಮೇಲೂ ದ್ವೇಷಿಸುತ್ತದೆ, ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ವೈದ್ಯರು ಮೊದಲು ವಾಂತಿ ನಿಲ್ಲಿಸುವ ಮಾರೊಪಿಟಾಂಟ್ ಕೊಟ್ಟು, ಪೊಟ್ಯಾಸಿಯಂ, ರಂಜಕ ನೋಡಿ ಸಲೈನ್ ಹಾಕುತ್ತಾರೆ. ಹಸಿವೆಗೆ ಮಿರ್ಟಜಪಿನ್ ಕೊಡಬಹುದು, ಬೆಕ್ಕಿಗೆ ಸಲಕ್ಕೆ ಸುಮಾರು 2 ಮಿ.ಗ್ರಾಂ. ಮಾತ್ರ. ಲಿವರ್, ಕಿಡ್ನಿ ತೊಂದರೆ ಇದ್ದರೆ ದಿನ ಬಿಟ್ಟು ದಿನ. ಲಿವರ್ ಆಗಲೇ ಕೆಟ್ಟಿದ್ದರೆ ಕತ್ತಿನ ಪಕ್ಕದಿಂದ ಅನ್ನನಾಳಕ್ಕೆ ನಳಿಕೆ ಹಾಕಿಸುವುದೇ ಉತ್ತಮ. ಕೇಳಲು ಭಯವಾಗುತ್ತದೆ, ಆದರೆ ಬೆಕ್ಕು ಅದನ್ನು ಚೆನ್ನಾಗಿ ಸಹಿಸಿಕೊಳ್ಳುತ್ತದೆ, ಮನೆಯಲ್ಲೇ ವಾರಗಟ್ಟಲೆ ಊಟ, ಔಷಧಿ ಎರಡನ್ನೂ ಜಗಳವಿಲ್ಲದೆ ಕೊಡಬಹುದು. ನಿಮ್ಮ ಬೆಕ್ಕಿನ ತೂಕಕ್ಕೆ ದಿನಕ್ಕೆ ಸುಮಾರು 285 ಕಿಲೊಕ್ಯಾಲೊರಿ ಬೇಕಾಗುತ್ತದೆ. ಮೊದಲ ದಿನ ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗ ಮಾತ್ರ, ಮೂರು ನಾಲ್ಕು ದಿನದಲ್ಲಿ ಪೂರ್ತಿಗೆ ಏರಿಸಬೇಕು. ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ತುಂಬಿದರೆ ರಕ್ತದ ಲವಣಗಳು ಕುಸಿದು ಅಪಾಯವಾಗುತ್ತದೆ. ಆಹಾರವನ್ನು ಉಗುರುಬೆಚ್ಚಗೆ ಮಾಡಿ, ನಿಧಾನವಾಗಿ ಒತ್ತಿ, ಕೊನೆಗೆ 5ರಿಂದ 10 ಮಿ.ಲೀ. ನೀರು ಬಿಟ್ಟು ನಳಿಕೆ ತೊಳೆಯಬೇಕು.

ದಪ್ಪ ಬೆಕ್ಕನ್ನು ಕರಗಿಸುವುದಿದ್ದರೆ ವಾರಕ್ಕೆ ತೂಕದ ಶೇ 1ರ ಆಸುಪಾಸು, ಅಳೆದು ಹಾಕಿದ ಊಟದಿಂದ. ಉಪವಾಸದಿಂದ ಎಂದಿಗೂ ಬೇಡ.

ಪ್ರಶ್ನೆ: ಮರಿ ಮಲ್ಲಿಗೆ ದಂಡೆಯ ಜೊತೆ ಆಡುತ್ತಿತ್ತು. ನಿನ್ನೆಯಿಂದ ವಾಂತಿ, ಮಂಕು. ಗುದದ್ವಾರದಲ್ಲಿ ದಾರದ ತುದಿ ಕಾಣುತ್ತಿದೆ. ಎಳೆದು ತೆಗೆಯಬಹುದೇ? — ಉಡುಪಿ

ಉತ್ತರ: ಎಳೆಯಲೇಬಾರದು. ದಾರದ ಇನ್ನೊಂದು ತುದಿ ನಾಲಿಗೆಯ ಬುಡಕ್ಕೋ ಹೊಟ್ಟೆಯ ಬಾಯಿಗೋ ಸಿಕ್ಕಿಕೊಂಡಿರುತ್ತದೆ. ಕರುಳು ಅದರ ಮೇಲೆ ಮಡಿಕೆಮಡಿಕೆಯಾಗಿ ಏರಿರುತ್ತದೆ. ಎಳೆದರೆ ದಾರ ಗರಗಸದಂತೆ ಕರುಳನ್ನು ಸೀಳುತ್ತದೆ. ಕತ್ತರಿಸಲೂ ಹೋಗಬೇಡಿ, ಎಣ್ಣೆ, ತುಪ್ಪ ಕುಡಿಸಬೇಡಿ, ಊಟ ಕೊಡಬೇಡಿ, ಹಾಗೇ ಕರೆದೊಯ್ಯಿರಿ. ನಾಲಿಗೆ ಎತ್ತಿ ಬುಡ ನೋಡಲು ವೈದ್ಯರಿಗೆ ನೆನಪಿಸಿ. ಶಸ್ತ್ರಚಿಕಿತ್ಸೆ ಬೇಕಾಗುವುದೇ ಹೆಚ್ಚು, ಬೇಗ ಆದಷ್ಟೂ ಕರುಳು ಉಳಿಯುತ್ತದೆ. ಹೂವಿನ ದಾರ, ಬಾಳೆನಾರು, ಹೊಲಿಗೆ ನೂಲು, ಗಾಳಿಪಟದ ಮಾಂಜಾ, ಕೂದಲ ರಬ್ಬರ್ ಬ್ಯಾಂಡ್, ಕೋಳಿ ಕಟ್ಟಿಕೊಟ್ಟ ದಾರ, ಎಲ್ಲವನ್ನೂ ಮುಚ್ಚಳವಿರುವ ಡಬ್ಬಿಗೆ ಹಾಕಿ.

ಪ್ರಶ್ನೆ: ಗಂಡು ಬೆಕ್ಕಿಗೆ ಮಲಬದ್ಧತೆ. ಬೆಳಗಿನಿಂದ ತಟ್ಟೆಯಲ್ಲಿ ಕೂತು ತಿಣುಕುತ್ತಿದೆ, ಕೂಗುತ್ತಿದೆ. ಮಕ್ಕಳ ಎನಿಮಾ ಹಾಕಬಹುದೇ? — ಕಲಬುರಗಿ

ಉತ್ತರ: ಬೇಡ. ಅಂಗಡಿಯಲ್ಲಿ ಸಿಗುವ ಫಾಸ್ಫೇಟ್ ಎನಿಮಾ ಬೆಕ್ಕಿಗೆ ವಿಷ, ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಅದಕ್ಕೂ ಮೊದಲು ನೋಡಬೇಕಾದದ್ದು: ಮೂತ್ರ ಹೋಗುತ್ತಿದೆಯೇ? ಗಂಡು ಬೆಕ್ಕು ತಿಣುಕುವುದನ್ನು ಮನೆಯವರು ಮಲಬದ್ಧತೆ ಎಂದುಕೊಳ್ಳುತ್ತಾರೆ, ಎಷ್ಟೋ ಸಲ ಅದು ಮೂತ್ರನಾಳ ಕಟ್ಟಿರುವುದು. ಮರಳು ಒಣಗಿದ್ದು, ಹೊಟ್ಟೆಯ ಹಿಂಭಾಗದಲ್ಲಿ ನಿಂಬೆಹಣ್ಣಿನಷ್ಟೋ ಅದಕ್ಕಿಂತ ದೊಡ್ಡದೋ ಗಟ್ಟಿ ಉಂಡೆ ಸಿಕ್ಕರೆ, ಮುಟ್ಟಿದರೆ ಕಿರುಚಿದರೆ, ರಾತ್ರಿಯಾದರೂ ಹೊರಡಿ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಒಂದೆರಡು ದಿನದಲ್ಲೇ ಹೃದಯ ನಿಲ್ಲುತ್ತದೆ. ಮೂತ್ರ ಧಾರಾಳವಾಗಿದ್ದು ಎರಡು ಮೂರು ದಿನದಿಂದ ಮಲ ಮಾತ್ರ ಬಂದಿಲ್ಲವಾದರೆ ವೈದ್ಯರು ಸಲೈನ್ ಹಾಕಿ, ಮಲ ಮೆತ್ತಗೆ ಮಾಡುವ ಲ್ಯಾಕ್ಟುಲೋಸ್ ಕೆ.ಜಿ.ಗೆ ಅರ್ಧ ಮಿ.ಲೀ.ನಂತೆ ದಿನಕ್ಕೆ ಎರಡು ಮೂರು ಸಲ ಬರೆದುಕೊಡಬಹುದು.

ಪ್ರಶ್ನೆ: ಒಂದು ವರ್ಷದ ಬೆಕ್ಕು. ಬೆನ್ನು ಬಡವಾಗಿ ಹೊಟ್ಟೆ ಮಾತ್ರ ದಪ್ಪ. ಹತ್ತು ದಿನದಿಂದ ಜ್ವರ, ಆ್ಯಂಟಿಬಯೊಟಿಕ್‌ಗೆ ಇಳಿಯುತ್ತಿಲ್ಲ. ಎಫ್‌ಐಪಿ (ಫೀಲೈನ್ ಇನ್‌ಫೆಕ್ಷಿಯಸ್ ಪೆರಿಟೊನೈಟಿಸ್) ಇರಬಹುದು, ಮದ್ದಿಲ್ಲ ಎಂದರು. — ಹುಬ್ಬಳ್ಳಿ

ಉತ್ತರ: ಮದ್ದಿಲ್ಲ ಎಂಬುದು ಹಳೆಯ ಮಾತು. ಬೆಕ್ಕುಗಳ ಕೊರೊನಾ ವೈರಸ್ ಕೆಲವು ಮರಿಗಳಲ್ಲಿ ರೂಪ ಬದಲಿಸಿ ಈ ಕಾಯಿಲೆ ತರುತ್ತದೆ. ಮನುಷ್ಯರ ಕೋವಿಡ್‌ಗೂ ಇದಕ್ಕೂ ಸಂಬಂಧವಿಲ್ಲ, ಮನುಷ್ಯರಿಗೆ ಅಂಟುವುದಿಲ್ಲ. ಎರಡು ವರ್ಷದೊಳಗಿನ ಬೆಕ್ಕುಗಳಲ್ಲೇ ಹೆಚ್ಚು. ಹೊಟ್ಟೆಯಿಂದ ತೆಗೆದ ನೀರು ಹುಲ್ಲಿನ ಹಳದಿ ಬಣ್ಣದ್ದಾಗಿ ಅಂಟಾಗಿದ್ದರೆ, ರಕ್ತದಲ್ಲಿ ಅಲ್ಬುಮಿನ್ ಮತ್ತು ಗ್ಲಾಬ್ಯುಲಿನ್ ಎಂಬ ಎರಡು ಪ್ರೋಟೀನುಗಳ ಅನುಪಾತ 0.4ಕ್ಕಿಂತ ಕಡಿಮೆ ಇದ್ದರೆ ಅನುಮಾನ ಬಲವಾಗುತ್ತದೆ. 0.8ಕ್ಕಿಂತ ಹೆಚ್ಚಿದ್ದರೆ ಬಹುಮಟ್ಟಿಗೆ ಬೇರೆ ಕಾಯಿಲೆ. ಬರೀ ಕೊರೊನಾ ಆ್ಯಂಟಿಬಾಡಿ ಪರೀಕ್ಷೆಯಿಂದ ಏನೂ ತೀರ್ಮಾನವಾಗದು, ಎಷ್ಟೋ ಆರೋಗ್ಯವಂತ ಬೆಕ್ಕುಗಳಲ್ಲೂ ಅದು ಇರುತ್ತದೆ.

ಜಿಎಸ್-441524 ಎಂಬ ಔಷಧಿಯಿಂದ ಬೆಕ್ಕುಗಳು ಗುಣವಾದ ವರದಿ ಪ್ರಕಟವಾದದ್ದು 2019ರಲ್ಲಿ. ಕೋವಿಡ್ ಕಾಲದಲ್ಲಿ ಹೆಸರು ಕೇಳಿದ ರೆಮ್‌ಡೆಸಿವಿರ್ ದೇಹದೊಳಗೆ ಇದೇ ಔಷಧಿಯಾಗಿ ಮಾರ್ಪಡುತ್ತದೆ. ರೂಢಿಯ ಕೋರ್ಸ್ 84 ದಿನ. ಹೊಟ್ಟೆಯಲ್ಲಿ ನೀರು ತುಂಬುವ ಬಗೆಗೆ 42 ದಿನವೂ ಸಾಕಾಗುತ್ತದೆ ಎಂದು ಈಚಿನ ಅಧ್ಯಯನ ತೋರಿಸಿದೆ. ಆ ಬಗೆಗೆ ಈಗ ಸಾಮಾನ್ಯವಾಗಿ ಕೆ.ಜಿ.ಗೆ ದಿನಕ್ಕೆ 15 ಮಿ.ಗ್ರಾಂ. ಕಣ್ಣಿಗೆ, ಮಿದುಳಿಗೆ ತಗುಲಿದ್ದರೆ ಇನ್ನೂ ಹೆಚ್ಚು ಬೇಕು. ಸರಿಯಾದ ಔಷಧಿ, ಸರಿಯಾದ ಪ್ರಮಾಣವಾದರೆ ಎರಡರಿಂದ ಐದು ದಿನದಲ್ಲಿ ಜ್ವರ ಇಳಿದು ಬೆಕ್ಕು ತಿನ್ನತೊಡಗುತ್ತದೆ. ಇಲ್ಲಿ ಕೆಡುವುದು ತೂಕದ ಲೆಕ್ಕದಲ್ಲಿ. ಚೇತರಿಸಿಕೊಳ್ಳುವ ಬೆಕ್ಕು ಬೇಗ ಮೈ ತುಂಬಿಕೊಳ್ಳುತ್ತದೆ, 2 ಕೆ.ಜಿ. ಇದ್ದಾಗ ಬರೆದ ಪ್ರಮಾಣವನ್ನೇ 3 ಕೆ.ಜಿ. ಆದ ಮೇಲೂ ಕೊಡುತ್ತಿದ್ದರೆ ಕಾಯಿಲೆ ಮರುಕಳಿಸುತ್ತದೆ. ವಾರವಾರ ತೂಗಿ ಪ್ರಮಾಣ ಏರಿಸಿ.

ಪ್ರಶ್ನೆ: ಮಾತ್ರೆ ಕೊಟ್ಟರೆ ನೊರೆ ಉಗುಳುತ್ತದೆ. ಪುಡಿ ಮಾಡಿ ಹಾಲಿನಲ್ಲಿ ಕೊಡಬಹುದೇ? ಜ್ವರಕ್ಕೆ ಪ್ಯಾರಾಸಿಟಮಾಲ್ ಎಷ್ಟು ಹಾಕಬೇಕು? — ತುಮಕೂರು

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ: ಒಂದು ಚೂರೂ ಬೇಡ. ಪ್ಯಾರಾಸಿಟಮಾಲನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ. 500 ಮಿ.ಗ್ರಾಂ. ಮಾತ್ರೆಯ ಕಾಲು ಭಾಗವೂ ವಿಷವಾಗಬಲ್ಲದು. ಒಸಡು ಕಂದು ಬಣ್ಣಕ್ಕೆ ತಿರುಗಿ, ಮುಖ ಊದಿ, ಉಸಿರು ಕಟ್ಟುತ್ತದೆ. ಆಗಲೇ ಕೊಟ್ಟಿದ್ದರೆ ಲಕ್ಷಣಕ್ಕೆ ಕಾಯದೆ ಹೊರಡಿ, ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿಮದ್ದು ಬೇಗ ಬಿದ್ದಷ್ಟೂ ಒಳ್ಳೆಯದು.

ನೊರೆ ಬರುವುದು ಕಹಿಗೆ. ಪುಡಿ ಮಾಡಿದರೆ ಕಹಿ ಬಾಯಿತುಂಬ ಹರಡುತ್ತದೆ. ಮಾತ್ರೆಯನ್ನು ಖಾಲಿ ಕ್ಯಾಪ್ಸೂಲಿನೊಳಗೆ ಹಾಕಿ, ತುದಿಗೆ ಚೂರು ಬೆಣ್ಣೆ ಸವರಿ. ಬೆಕ್ಕನ್ನು ಟವೆಲ್ಲಿನಲ್ಲಿ ಸುತ್ತಿ ಅದರ ಬೆನ್ನು ನಿಮ್ಮ ಕಡೆಗಿರುವಂತೆ ಕೂರಿಸಿಕೊಳ್ಳಿ. ಎಡಗೈಯಿಂದ ಕೆನ್ನೆಯ ಎಲುಬು ಹಿಡಿದು ಮೂಗು ಮೇಲೆ ಮಾಡಿದರೆ ಕೆಳದವಡೆ ತಾನೇ ಸಡಿಲವಾಗುತ್ತದೆ. ಮಾತ್ರೆಯನ್ನು ನಾಲಿಗೆಯ ತೀರಾ ಹಿಂದೆ, ನಡುವಿಗೆ ಬಿಟ್ಟು ಬಾಯಿ ಮುಚ್ಚಿ. ಮೂಗು ನೆಕ್ಕಿಕೊಂಡಿತೆಂದರೆ ನುಂಗಿದೆ. ಆಮೇಲೆ ಸಿರಿಂಜಿನಿಂದ 5 ಮಿ.ಲೀ. ನೀರು ಕೆನ್ನೆಯ ಪಕ್ಕದಿಂದ ನಿಧಾನವಾಗಿ ಬಿಡಲೇಬೇಕು, ಇಲ್ಲವೇ ಒಂದು ಚಮಚ ತಿಳಿ ಆಹಾರ ನೆಕ್ಕಿಸಬೇಕು. ಒಣ ಮಾತ್ರೆ ಅನ್ನನಾಳದಲ್ಲೇ ನಿಂತು ಸುಡುತ್ತದೆ. ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೊಟಿಕ್ ಇದರಲ್ಲಿ ಕುಖ್ಯಾತ. ಅದು ಸುಟ್ಟ ಜಾಗ ಮಾಯುವಾಗ ಅನ್ನನಾಳ ಕಿರಿದಾಗಿ, ಬೆಕ್ಕು ತಿಂದದ್ದನ್ನೆಲ್ಲ ಹಾಗೇ ಹೊರಹಾಕತೊಡಗುತ್ತದೆ.